ಗಗನನೌಕೆಯ ಮಾದರಿಗಳನ್ನು ಸ್ಟ್ಯಾಂಡಿನ ಮೇಲೆ ಅಯಸ್ಕಾಂತದಿಂದ ನಿಲ್ಲಿಸುವುದು: 3 ಮಿ.ಮೀ. ಸಾಕಾಗುತ್ತದೆಯೇ?

ಪ್ರಶ್ನೆ (ಬೆಂಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ನಾವು ನಾಲ್ವರು ಗೆಳೆಯರು ತಿಂಗಳಿಗೆರಡು ಭಾನುವಾರ ಸೇರಿ ಎಕ್ಸ್-ವಿಂಗ್ ಎಂಬ ಮೇಜಿನ ಆಟವನ್ನು ಆಡುತ್ತಿದ್ದೇವೆ. ಪರಿಚಯವಿಲ್ಲದವರಿಗಾಗಿ ಹೇಳುವುದಾದರೆ, 2012ರಲ್ಲಿ ಬಂದ ಈ ಆಟದಲ್ಲಿ 1:270 ಪ್ರಮಾಣದ, ಬಣ್ಣ ಹಚ್ಚಿಯೇ ಸಿಗುವ ಪ್ಲಾಸ್ಟಿಕ್ ನೌಕೆಗಳಿರುತ್ತವೆ. ಚಿಕ್ಕ ನೌಕೆಗೆ 40 ಮಿ.ಮೀ. ಚೌಕದ ಬೇಸ್, ದೊಡ್ಡದಕ್ಕೆ 80 ಮಿ.ಮೀ. ಚೌಕದ ಬೇಸ್, ನಡುವೆ ಒಂದರ ಮೇಲೊಂದು ಕೂರುವ ಪಾರದರ್ಶಕ ಪೆಗ್‌ಗಳು ನೌಕೆಯನ್ನು ಎತ್ತಿ ಹಿಡಿಯುತ್ತವೆ.

ಕಳೆದ ತಿಂಗಳು ಮೈಸೂರಿನಿಂದ ಬಸ್ಸಿನಲ್ಲಿ ಬರುವಾಗ ನೌಕೆಗಳ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿಬಿಟ್ಟೆ. ಮದ್ದೂರು ದಾಟುವಷ್ಟರಲ್ಲಿ ಡಬ್ಬ ಕೆಳಗೆ ಬಿದ್ದು, ಎರಡು ನೌಕೆಗಳ ಹೊಟ್ಟೆಯೊಳಗೆ ಪೆಗ್ಗಿನ ತುದಿ ಮುರಿದು ಉಳಿದುಕೊಂಡಿತು. ಇನ್ನು ಮುಂದೆ ಪೆಗ್ಗಿನ ಗೊಡವೆಯೇ ಬೇಡ, ಅಯಸ್ಕಾಂತದ ಮೇಲೆ ನಿಲ್ಲಿಸೋಣ ಎಂದು ತೀರ್ಮಾನಿಸಿ, 3 ಮಿ.ಮೀ. ಅಗಲ, 1 ಮಿ.ಮೀ. ದಪ್ಪದ ನಿಯೋಡಿಮಿಯಮ್ ಅಯಸ್ಕಾಂತಗಳನ್ನು ಐವತ್ತು ತರಿಸಿದೆ. ನೌಕೆಯ ತಳಕ್ಕೆ ಒಂದು, ಪೆಗ್ಗಿನ ತುದಿಗೆ ಒಂದು, ಎರಡಕ್ಕೂ ಸೂಪರ್ ಗ್ಲೂ.

ಚಿಕ್ಕ ನೌಕೆಗಳು ಚೆನ್ನಾಗಿಯೇ ನಿಂತವು. ಆದರೆ ಉದ್ದ ಮೂತಿಯ ಒಂದು ನೌಕೆ, ಅಡುಗೆಮನೆಯ ತಕ್ಕಡಿಯಲ್ಲಿ 22 ಗ್ರಾಂ ತೂಗುವಂಥದ್ದು, ಮೇಜಿಗೆ ಯಾರದಾದರೂ ಮೊಣಕೈ ತಾಗಿದರೆ ಸಾಕು, ಮೂತಿ ಬಗ್ಗಿಸಿ ಬೀಳುತ್ತದೆ. ಇನ್ನೊಂದರಲ್ಲಿ ನೌಕೆಯನ್ನು ಎತ್ತಿದಾಗ ಅದರ ತಳದ ಅಯಸ್ಕಾಂತವೇ ಕಿತ್ತು ಬಂದು ಪೆಗ್ಗಿಗೆ ಅಂಟಿಕೊಂಡು ಕೂತಿತು. ಇಷ್ಟು ಸಾಲದೆಂಬಂತೆ ಮೂರು ನೌಕೆಗಳಲ್ಲಿ ಅಯಸ್ಕಾಂತವನ್ನು ತಲೆಕೆಳಗಾಗಿ ಅಂಟಿಸಿದ್ದೇನೆ. ಅವು ಬೇರೆ ಸ್ಟ್ಯಾಂಡಿನ ಹತ್ತಿರ ತಂದರೆ ಜಾರಿ ದೂರ ಸರಿಯುತ್ತವೆ.

ನನ್ನ ಪ್ರಶ್ನೆಗಳು ಇವು. ಇದೇ ಗಾತ್ರದಲ್ಲಿ ಎನ್52 ಎಂಬ ಹೆಚ್ಚು ಬಲದ ದರ್ಜೆಯದನ್ನು ತರಿಸಿದರೆ ಬೀಳುವುದು ನಿಲ್ಲುತ್ತದೆಯೇ? ಯಾವ ಅಂಟು ಬಳಸಬೇಕು? ಉಕ್ಕಿನ ಗುಂಡಿನ ಮೇಲೆ ನೌಕೆಯನ್ನು ಕೂರಿಸಿ, ತಿರುವಿನಲ್ಲಿ ವಾಲಿದಂತೆ ನಿಲ್ಲಿಸಬಹುದೆಂದು ಕೇಳಿದ್ದೇನೆ. ಅದು ಆಟದ ಮೇಜಿನ ಮೇಲೆ ನಿಜವಾಗಿಯೂ ಬಾಳಿಕೆ ಬರುವ ಉಪಾಯವೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮೈಸೂರಿನಿಂದ)

ನಮಸ್ಕಾರ. ನಾನು ಟೂಲ್‌ರೂಮಿನಲ್ಲಿ ಕೆಲಸ ಮಾಡುವವನು. ಈ ಹವ್ಯಾಸ ನನಗೂ ಇದೆ, ನಿಮ್ಮ ಹಾಗೆ ನಾನೂ ಮೊದಲು 3 ಮಿ.ಮೀ. ಅಯಸ್ಕಾಂತಗಳಿಂದಲೇ ಶುರು ಮಾಡಿದ್ದೆ. ನಿಮ್ಮ ನೌಕೆ ಬೀಳುತ್ತಿರುವುದು ಅಯಸ್ಕಾಂತಕ್ಕೆ ಎಳೆಯುವ ಶಕ್ತಿ ಕಡಿಮೆಯಾಗಿ ಅಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. 22 ಗ್ರಾಂ ತೂಕವನ್ನು ನೇರವಾಗಿ ತೂಗುಹಾಕಿದರೆ ಆ ಪುಟ್ಟ ಬಿಲ್ಲೆ ಅದರ ನಾಲ್ಕೈದು ಪಟ್ಟನ್ನೂ ಹಿಡಿದುಕೊಳ್ಳುತ್ತದೆ. ನೌಕೆ ಬೀಳುವುದು ಸನ್ನೆಗೋಲಿನಂತೆ ಎತ್ತಲ್ಪಡುವುದರಿಂದ. ಮೂತಿಯ ಭಾರ ಕೆಳಗೆ ಒತ್ತಿದಾಗ ಅಯಸ್ಕಾಂತದ ಮುಂದಿನ ಅಂಚು ಆನಿಕೆಯಾಗುತ್ತದೆ, ಹಿಂದಿನ ಅಂಚು ಮೇಲೇಳುತ್ತದೆ. ಕೂದಲೆಳೆಯಷ್ಟು ಸಂದು ಬಿದ್ದರೂ ಹಿಡಿತ ಒಮ್ಮೆಲೇ ಕುಸಿಯುತ್ತದೆ.

ಎಷ್ಟು ಹಿಡಿತವಿದೆ ಎಂಬುದನ್ನು ಮನೆಯಲ್ಲಿಯೇ ಅಳೆಯಬಹುದು. ನಾನು ಮಾಡಿದ್ದು ಹೀಗೆ: ಒಂದು ಅಯಸ್ಕಾಂತವನ್ನು ಮೇಜಿನ ಅಂಚಿನಿಂದ ಹೊರಚಾಚಿದ ಮರದ ಪಟ್ಟಿಯ ತಳಕ್ಕೆ ಅಂಟಿಸಿದೆ; ಅದಕ್ಕೆ ಕಚ್ಚಿಕೊಳ್ಳುವ ಇನ್ನೊಂದಕ್ಕೆ ದಾರ ಕಟ್ಟಿ ಹಗುರವಾದ ಪ್ಲಾಸ್ಟಿಕ್ ಲೋಟವನ್ನು ಇಳಿಬಿಟ್ಟೆ; ನಂತರ ಸೂಜಿ ತೆಗೆದ ಸಿರಿಂಜಿನಿಂದ ಲೋಟಕ್ಕೆ ಐದೈದು ಮಿಲಿಲೀಟರ್ ನೀರು ಹಾಕುತ್ತ ಹೋದೆ. ಲೋಟ ಕಳಚಿ ಬಿದ್ದಾಗ ಎಷ್ಟು ನೀರು ಹಾಕಿದ್ದೆವೋ ಅಷ್ಟು ಗ್ರಾಂ, ಜೊತೆಗೆ ಲೋಟದ ತೂಕ. ಎರಡು ಕೋಟು ಬಣ್ಣ ಬಳಿದ 3x1 ಜೋಡಿ ಸುಮಾರು 120 ಗ್ರಾಂ ಹಿಡಿಯಿತು. ಅಷ್ಟೇ ಬಣ್ಣ ಬಳಿದ 5x2 ಜೋಡಿ 450ರ ಆಸುಪಾಸಿನಲ್ಲಿ ಕಳಚಿತು.

ಈಗ ಲೆಕ್ಕ ನೋಡಿ. ನಿಮ್ಮ ನೌಕೆಯ ಗುರುತ್ವ ಕೇಂದ್ರ ಅಯಸ್ಕಾಂತದಿಂದ 8 ಮಿ.ಮೀ. ಮುಂದಿದೆ ಎಂದುಕೊಳ್ಳೋಣ. ಬೀಳಿಸುವ ಬಲ 22 ಗುಣಿಸು 8, ಅಂದರೆ 176. ತಡೆಯುವ ಬಲವೆಂದರೆ ಹಿಡಿತವನ್ನು ಅಯಸ್ಕಾಂತದ ತ್ರಿಜ್ಯದಿಂದ ಗುಣಿಸಿದ್ದು: 120 ಗುಣಿಸು 1.5, ಅಂದರೆ 180. ಎರಡೂ ಹೆಚ್ಚುಕಡಿಮೆ ಸಮ. ಆದ್ದರಿಂದಲೇ ಅದು ಸುಮ್ಮನೆ ಬಿಟ್ಟರೆ ನಿಲ್ಲುತ್ತದೆ, ಮೊಣಕೈ ತಾಗಿದರೆ ಬೀಳುತ್ತದೆ. 5 ಮಿ.ಮೀ. ಬಿಲ್ಲೆಯಲ್ಲಿ ಇದೇ ಲೆಕ್ಕ 450 ಗುಣಿಸು 2.5, ಅಂದರೆ 1,125 ಆಗುತ್ತದೆ. ಹಿಡಿತವೂ ಹೆಚ್ಚಿತು, ಆನಿಕೆಯೂ ಅಗಲವಾಯಿತು. ಎರಡೂ ಒಂದನ್ನೊಂದು ಗುಣಿಸಿಕೊಂಡು ಆರು ಪಟ್ಟಿಗಿಂತ ಮೇಲೆ ಹೋದವು.

ಎನ್52ರ ವಿಷಯ. ಎನ್35, ಎನ್42, ಎನ್52 ಎಂಬ ಅಂಕಿಗಳು ಆ ವಸ್ತುವಿನಲ್ಲಿ ಅಡಗಿರುವ ಕಾಂತಶಕ್ತಿಯ ಗರಿಷ್ಠ ಸಾಂದ್ರತೆಯನ್ನು ಸೂಚಿಸುತ್ತವೆ. ಅದೇ ಗಾತ್ರದಲ್ಲಿ ಎನ್35ರಿಂದ ಎನ್52ಕ್ಕೆ ಹೋದರೆ ಹಿಡಿತ ಸುಮಾರು ಒಂದೂವರೆ ಪಟ್ಟು ಆಗಬಹುದು, ಅಷ್ಟೇ. ಆನಿಕೆ ಮಾತ್ರ ಅದೇ ಒಂದೂವರೆ ಮಿಲಿಮೀಟರಿನಲ್ಲಿ ಉಳಿಯುತ್ತದೆ. ಹೆಚ್ಚಿನ ಬೆಲೆಯನ್ನು ದರ್ಜೆಗೆ ಕೊಡುವ ಬದಲು ಅಗಲಕ್ಕೆ ಕೊಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಇದಕ್ಕೂ ಮೊದಲು ಮಾಡಬೇಕಾದ, ಒಂದು ಪೈಸೆಯೂ ಖರ್ಚಿಲ್ಲದ ಕೆಲಸವೊಂದಿದೆ: ಗುರುತ್ವ ಕೇಂದ್ರವನ್ನು ಹುಡುಕುವುದು. ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಅದರ ಮೇಲೆ ನೌಕೆಯನ್ನು ಅಡ್ಡಲಾಗಿ ಇಟ್ಟು, ಎತ್ತಲೂ ವಾಲದ ಜಾಗದಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಿರಿ. ನೌಕೆಯನ್ನು ತಿರುಗಿಸಿ ಉದ್ದಕ್ಕೂ ಹಾಗೆಯೇ ಮಾಡಿ. ಎರಡು ಗೆರೆಗಳು ಕೂಡುವ ಕಡೆ ಅಯಸ್ಕಾಂತ ಕೂರಬೇಕು. ಪೆಗ್ಗಿನ ಹಳೆಯ ತೂತು ಅಲ್ಲಿಯೇ ಇರಬೇಕೆಂದೇನೂ ಇಲ್ಲ, ಏಕೆಂದರೆ ಪೆಗ್ ನೌಕೆಯ ಒಳಕ್ಕೆ ತೂರಿಕೊಂಡು ಕೂರುತ್ತಿತ್ತು, ವಾಲುವಿಕೆಯನ್ನು ಅದು ತಾನೇ ತಡೆಯುತ್ತಿತ್ತು. ಎಂಟು ಮಿಲಿಮೀಟರ್ ಅಂತರವನ್ನು ಎರಡಕ್ಕೆ ಇಳಿಸಿದರೆ ನಿಮ್ಮ ಹಳೆಯ 3 ಮಿ.ಮೀ. ಅಯಸ್ಕಾಂತವೇ ಸಾಕಾಗಲೂಬಹುದು. ಹಳೆಯ ತೂತು ಹತ್ತಿರದಲ್ಲಿಯೇ ಇದ್ದರೆ, 5 ಮಿ.ಮೀ. ತೂತು ಕೊರೆಯುವಾಗ ಮುರಿದು ಉಳಿದ ಪೆಗ್ಗಿನ ತುದಿಯೂ ಪುಡಿಯಾಗಿ ಹೊರಬರುತ್ತದೆ.

ಈ ಆಟದಲ್ಲಿ ದೂರವನ್ನೂ ಗುರಿಯನ್ನೂ ಬೇಸಿನಿಂದಲೇ ಅಳೆಯುವುದರಿಂದ, ನೌಕೆ ಬೇಸಿನ ಮೇಲೆ ತುಸು ಹಿಂದೆಮುಂದೆ ಕೂತರೂ ಎದುರಾಳಿಗೆ ಅನ್ಯಾಯವಾಗುವುದಿಲ್ಲ.

ಉತ್ತರ 2 (ಮಂಗಳೂರಿನಿಂದ)

ಮೈಸೂರಿನವರು ಬಲದ ಲೆಕ್ಕವನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನಾನು ಅಂಟು ಮತ್ತು ತುಕ್ಕಿನ ಬಗ್ಗೆ ಬರೆಯುತ್ತೇನೆ. ನಮ್ಮ ಊರಿನ ಮಳೆಗಾಲ ಇವೆರಡನ್ನೂ ಚೆನ್ನಾಗಿ ಕಲಿಸಿದೆ.

ಸೂಪರ್ ಗ್ಲೂ ಗಟ್ಟಿಯಾದ ಮೇಲೆ ಗಾಜಿನಂತೆ ಬಿರುಸು. ನೌಕೆಯನ್ನು ಒಮ್ಮೆಲೇ ಕಿತ್ತಾಗ ಬೀಳುವ ಜಗ್ಗನ್ನು ಅದು ತಾಳುವುದಿಲ್ಲ. ಅಯಸ್ಕಾಂತದ ಮೇಲಿರುವ ನಿಕ್ಕಲ್ ಲೇಪ ನುಣುಪಾಗಿರುವುದರಿಂದ ಹಿಡಿದುಕೊಳ್ಳಲು ಅದಕ್ಕೆ ಜಾಗವೂ ಇಲ್ಲ. ಪಾರದರ್ಶಕ ಪೆಗ್ಗಿನ ಮೇಲಂತೂ ಅದರ ಆವಿ ಬಿಳಿಯ ಮಂಜನ್ನು ಕೂರಿಸಿಬಿಡುತ್ತದೆ, ಉಜ್ಜಿದರೂ ಹೋಗುವುದಿಲ್ಲ. ಎರಡು ಟ್ಯೂಬಿನಲ್ಲಿ ಬರುವ ಎಪಾಕ್ಸಿ ಅಂಟೇ ಇದಕ್ಕೆ ಸರಿಯಾದದ್ದು. ಐದು ನಿಮಿಷದಲ್ಲಿ ಗಟ್ಟಿಯಾಗುವುದಕ್ಕಿಂತ ರಾತ್ರಿಯಿಡೀ ಬಿಡಬೇಕಾದ ಬಗೆಯನ್ನು ಆರಿಸಿಕೊಳ್ಳಿ.

ಕೆಲಸದ ಕ್ರಮ ಹೀಗಿರಲಿ. ಮೊದಲು 2 ಮಿ.ಮೀ. ಬಿಟ್ಟನ್ನು ಕೈಡ್ರಿಲ್ಲಿಗೆ ಹಾಕಿ ತೂತು ಮಾಡಿ, ಅದನ್ನು ಹಂತಹಂತವಾಗಿ ಅಗಲಿಸಿ. ಮೋಟಾರಿನ ಡ್ರಿಲ್ ಬೇಡ, ಪ್ಲಾಸ್ಟಿಕ್ ಕರಗಿ ಬಿಟ್ಟಿಗೆ ಸುತ್ತಿಕೊಳ್ಳುತ್ತದೆ. ತೂತಿನ ಬದಿಯಲ್ಲಿ ಬ್ಲೇಡಿನ ತುದಿಯಿಂದ ಸಣ್ಣ ಗೀರು ಹಾಕಿದರೆ, ಅಯಸ್ಕಾಂತವನ್ನು ಒತ್ತುವಾಗ ಒಳಗೆ ಸಿಕ್ಕಿಕೊಂಡ ಗಾಳಿ ಮತ್ತು ಹೆಚ್ಚಾದ ಅಂಟು ಅದರ ಮೂಲಕ ಹೊರಬರುತ್ತವೆ. ಅಯಸ್ಕಾಂತದ ಒಳಮೈಯನ್ನು ಮಾತ್ರ ನಯವಾದ ಮರಳುಕಾಗದದ ಮೇಲೆ ನಾಲ್ಕು ಸಲ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ. ಹೊರಮೈಯನ್ನು ಎಂದಿಗೂ ಉಜ್ಜಬೇಡಿ. ನಿಯೋಡಿಮಿಯಮ್, ಕಬ್ಬಿಣ, ಬೋರಾನ್ ಸೇರಿದ ಈ ಮಿಶ್ರಲೋಹಕ್ಕೆ ತೇವ ತಾಗಿದರೆ ಬೇಗ ತುಕ್ಕು ಹಿಡಿಯುತ್ತದೆ. ಕಾಪಾಡುವುದು ಆ ತೆಳುವಾದ ಲೇಪ ಒಂದೇ. ಲೇಪ ಕಿತ್ತುಹೋಗಿದ್ದ ನನ್ನ ಒಂದು ಬಿಲ್ಲೆ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಉಬ್ಬಿ, ಬೂದು ಬಣ್ಣದ ಪುಡಿಯಾಗಿ ಉದುರತೊಡಗಿತ್ತು. ಒಳಮೈ ಅಂಟಿನಲ್ಲಿ ಮುಚ್ಚಿಹೋಗುವುದರಿಂದ ಅಲ್ಲಿ ಭಯವಿಲ್ಲ.

ಅಂಟನ್ನು ಕಲಸಲು, ಹಚ್ಚಲು ಉರಿದು ಮುಗಿದ ಊದುಬತ್ತಿಯ ಕಡ್ಡಿ ಬಹಳ ಅನುಕೂಲ. ಸ್ಕ್ರೂಡ್ರೈವರ್, ಇಕ್ಕಳ, ಸೂಜಿ ಇವನ್ನೆಲ್ಲ ದೂರವಿಡಿ, ಇಲ್ಲವಾದರೆ ಹಸಿ ಅಂಟಿನ ಸಮೇತ ಅಯಸ್ಕಾಂತ ಅವುಗಳಿಗೆ ಹಾರಿ ಅಂಟಿಕೊಳ್ಳುತ್ತದೆ. ಅದರ ಮುಖ ತೂತಿನ ಅಂಚಿಗೆ ಸಮನಾಗಿ ಕೂರಬೇಕು. ಅರ್ಧ ಮಿಲಿಮೀಟರ್ ಒಳಕ್ಕೆ ಹೋದರೂ ನೀವು ದುಡ್ಡು ಕೊಟ್ಟು ತಂದ ಹಿಡಿತದಲ್ಲಿ ಬಹುಪಾಲು ವ್ಯರ್ಥವಾಗುತ್ತದೆ.

ಬಿಸಿ ಅಂಟಿನ ಗನ್ ಮಾತ್ರ ಬೇಡವೇ ಬೇಡ. ಸಾಮಾನ್ಯ ಎನ್ ದರ್ಜೆಯ ಅಯಸ್ಕಾಂತಗಳು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತವೆ, ತಣ್ಣಗಾದ ಮೇಲೆ ಆ ಬಲ ಪೂರ್ತಿಯಾಗಿ ಮರಳುವುದಿಲ್ಲ. ಗನ್ನಿನಿಂದ ಬರುವ ಅಂಟು ಅದಕ್ಕಿಂತ ಎಷ್ಟೋ ಬಿಸಿಯಾಗಿರುತ್ತದೆ.

ಧ್ರುವ ತಲೆಕೆಳಗಾಗುವ ತೊಂದರೆಗೆ ಎರಡು ಪರಿಹಾರಗಳಿವೆ. ಎಲ್ಲ ಬಿಲ್ಲೆಗಳನ್ನು ಒಂದೇ ಕಂಬವಾಗಿ ಜೋಡಿಸಿ, ಪ್ರತಿಯೊಂದನ್ನು ತೆಗೆಯುವ ಮೊದಲು ಮೇಲ್ಮುಖಕ್ಕೆ ಮಾರ್ಕರಿನಿಂದ ಚುಕ್ಕೆ ಇಟ್ಟು, ನೌಕೆಯಲ್ಲಿ ಚುಕ್ಕೆ ಯಾವಾಗಲೂ ಹೊರಗೆ, ಪೆಗ್ಗಿನಲ್ಲಿ ಯಾವಾಗಲೂ ಒಳಗೆ ಎಂಬ ನಿಯಮ ಮಾಡಿಕೊಳ್ಳುವುದು ಒಂದು. ಇನ್ನೊಂದನ್ನು ನಾನು ಹೆಚ್ಚು ಮೆಚ್ಚುತ್ತೇನೆ: ನೌಕೆಯಲ್ಲಿ ಮಾತ್ರ ಅಯಸ್ಕಾಂತ, ಪೆಗ್ಗಿನ ತುದಿಯಲ್ಲಿ ಬರಿಯ ಕಬ್ಬಿಣ. ಅಗಲ ತಲೆಯ ಮೊಳೆಯನ್ನು ತಲೆಯ ಬುಡದಲ್ಲಿ ಕತ್ತರಿಸಿ, ಅರದಿಂದ ಸಮ ಮಾಡಿದರೆ ಸಾಕು. ಕಬ್ಬಿಣಕ್ಕೆ ಧ್ರುವದ ಹಂಗಿಲ್ಲ, ನಿಮ್ಮ ಆ ಮೂರು ನೌಕೆಗಳನ್ನು ಕೀಳುವ ಅಗತ್ಯವೂ ಬೀಳುವುದಿಲ್ಲ. ತುಂಡು ಒಂದು ಮಿಲಿಮೀಟರಿಗಿಂತ ತೆಳ್ಳಗಿರಬಾರದು, ತೆಳು ತಗಡು ಅಷ್ಟೂ ಕಾಂತಬಲವನ್ನು ಒಳಗೆಳೆದುಕೊಳ್ಳಲಾರದು. ಈ ರೀತಿ ಮಾಡಿದರೆ ಎರಡು ಅಯಸ್ಕಾಂತಗಳ ಜೋಡಿಗಿಂತ ಹಿಡಿತ ಸ್ವಲ್ಪ ಕಡಿಮೆ ಎಂಬುದು ನಿಜ. ಆದರೆ ಡಬ್ಬದ ತಳಕ್ಕೆ ಕಬ್ಬಿಣದ ತಗಡು ಹಾಸಿದರೆ ನೌಕೆಗಳು ಅದಕ್ಕೆ ಕಚ್ಚಿಕೊಂಡು ಬರುತ್ತವೆ, ಬಸ್ಸಿನಲ್ಲಿ ನಿದ್ದೆ ಬಂದರೂ ಅವು ಒಂದರ ಮೇಲೊಂದು ಉರುಳುವುದಿಲ್ಲ. ತಗಡು ಕೊಳ್ಳುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ಊಟದ ಡಬ್ಬಿಗಳ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನು ಅಯಸ್ಕಾಂತ ಎಳೆಯುವುದೇ ಇಲ್ಲವೆನ್ನಬಹುದು. ಸತುವಿನ ಲೇಪದ ಮಾಮೂಲಿ ತಗಡು ಆಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಧನ್ಯವಾದಗಳು. ಸ್ಕೇಲಿನ ಮೇಲಿಟ್ಟು ನೋಡಿದೆ. ನನ್ನ ಉದ್ದ ಮೂತಿಯ ನೌಕೆಯಲ್ಲಿ ಅಂತರ 8 ಅಲ್ಲ, 9 ಮಿ.ಮೀ. ಇದೆ. ಪೆಗ್ಗಿನ ತೂತು ಹಿಂಬದಿಯ ಎಂಜಿನ್ನಿನ ಕೆಳಗಿತ್ತು, ನಾನು ಅಯಸ್ಕಾಂತವನ್ನು ಯೋಚಿಸದೆ ಅದರ ಮೇಲೆಯೇ ಅಂಟಿಸಿದ್ದೆ. 5x2 ಬಿಲ್ಲೆಗಳನ್ನು ತರಿಸುತ್ತಿದ್ದೇನೆ. ಉಕ್ಕಿನ ಗುಂಡಿನ ಬಗ್ಗೆ ಯಾರಾದರೂ ತಿಳಿಸುವಿರಾ? ಬೇಸ್‌ಗಳು ಒಂದಕ್ಕೊಂದು ತಾಗಿ ನಿಂತಾಗ ರೆಕ್ಕೆಗಳು ಗುದ್ದಾಡದಂತೆ ನೌಕೆಯನ್ನು ವಾಲಿಸಲು ಸಾಧ್ಯವಾದರೆ ಆಟ ಸುಗಮವಾಗುತ್ತದೆ.

ಉತ್ತರ 3 (ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಂದ)

ನಮಸ್ಕಾರ. ನಾನು 1999ರಲ್ಲಿ ಬಂದ ಬ್ಯಾಟಲ್‌ಫ್ಲೀಟ್ ಗೋಥಿಕ್ ಆಟದ ಹಳೆಯ ಲೋಹದ ನೌಕೆಗಳನ್ನು ಇಂದಿಗೂ ಆಡಿಸುವವನು. ಗುಂಡಿನ ಉಪಾಯವನ್ನು ನಾಲ್ಕು ವರ್ಷ ಬಳಸಿದ್ದೇನೆ. ಅದು ಹಗುರವಾದ ನೌಕೆಗಳಿಗೆ ಸೊಗಸು, ಭಾರದವಕ್ಕೆ ನಿರಾಶೆ.

ಕಾರಣ ಸರಳ. ಚಪ್ಪಟೆ ಮುಖಗಳು ಕೂಡಿದಾಗ ಇಡೀ ಮೈ ಹಿಡಿಯುತ್ತದೆ. ಗುಂಡು ಮತ್ತು ಬಿಲ್ಲೆ ತಾಗುವುದು ಒಂದು ಚುಕ್ಕೆಯಲ್ಲಿ. ಹಿಡಿತ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂಬುದು ನನ್ನ ಅನುಭವ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ವಾಲಿಸಿದ ಭಂಗಿಯಲ್ಲಿ ನೌಕೆಯನ್ನು ನಿಲ್ಲಿಸುವುದು ಎಳೆತವಲ್ಲ, ಗುಂಡಿನ ಮೇಲಿನ ಘರ್ಷಣೆ. ನಿಮ್ಮ 22 ಗ್ರಾಂ ನೌಕೆಗೆ ಸುಮಾರು 150 ಗ್ರಾಂ ಹಿಡಿತದ ಜೋಡಿಯನ್ನು ಹಾಕಿದರೆ, ಗುರುತ್ವ ಕೇಂದ್ರ ಗುಂಡಿನ ನೇರದಿಂದ 3 ಮಿ.ಮೀ. ಆಚೀಚೆ ಆಗುವವರೆಗೆ ಮಾತ್ರ ಅದು ಕೊಟ್ಟ ಭಂಗಿಯಲ್ಲಿ ನಿಂತೀತು. ಅಯಸ್ಕಾಂತ ನೌಕೆಯ ತಳದಲ್ಲಿದ್ದು ಭಾರ ಅದಕ್ಕಿಂತ 6 ಮಿ.ಮೀ. ಮೇಲಿದ್ದರೆ, 30 ಡಿಗ್ರಿ ವಾಲಿಸಿದಾಗಲೇ ಆ 3 ಮಿ.ಮೀ. ಮುಗಿದುಹೋಗುತ್ತದೆ. ಆದ್ದರಿಂದ ಅಯಸ್ಕಾಂತವನ್ನು ಸಾಧ್ಯವಾದಷ್ಟು ಆಳಕ್ಕೆ, ಭಾರದ ನಡುವಿನ ಹತ್ತಿರಕ್ಕೆ ಕೂರಿಸಬೇಕು. ಗುಂಡು ಆ ತೂತಿನೊಳಗೆ ಅರ್ಧ ಮುಳುಗುವಂತಿರಬೇಕು. ಚಪ್ಪಟೆ ಬಿಲ್ಲೆಯ ಬದಲು ನಡುವೆ ಇಳಿಜಾರು ತೂತಿರುವ ಬಳೆಯಾಕಾರದ ಅಯಸ್ಕಾಂತ ಸಿಕ್ಕರೆ ಗುಂಡು ಅದರ ಬಾಯಲ್ಲಿ ಸುತ್ತಲೂ ತಾಗಿ ಕೂರುತ್ತದೆ, ಹಿಡಿತವೂ ಘರ್ಷಣೆಯೂ ಗಮನಾರ್ಹವಾಗಿ ಹೆಚ್ಚುತ್ತವೆ. ಗುಂಡಿಗೆ ಒಂದು ಕೋಟು ಮ್ಯಾಟ್ ವಾರ್ನಿಷ್ ಬಳಿಯುವುದೂ ಸಹಾಯ ಮಾಡುತ್ತದೆ.

ಗುಂಡುಗಳಿಗಾಗಿ ದೂರ ಹುಡುಕಬೇಡಿ. ಸೈಕಲ್ ರಿಪೇರಿ ಅಂಗಡಿಯಲ್ಲಿ ಮುಂದಿನ ಚಕ್ರದ ಹಬ್ಬಿಗೆ ಹಾಕುವ 4.76 ಮಿ.ಮೀ. ಉಕ್ಕಿನ ಗುಂಡುಗಳನ್ನು ಕೇಳಿ. ಅವನ್ನು ಅಯಸ್ಕಾಂತ ಚೆನ್ನಾಗಿ ಹಿಡಿಯುತ್ತದೆ. ಗ್ರೀಸನ್ನು ಪೂರ್ತಿ ತೊಳೆಯದೆ ಅಂಟು ಹಚ್ಚಬೇಡಿ.

ನನ್ನ ಲೋಹದ ನೌಕೆಗಳಿಗೆ ಕೊನೆಗೆ ಗುಂಡನ್ನು ಬಿಟ್ಟು 8 ಮಿ.ಮೀ. ಚಪ್ಪಟೆ ಜೋಡಿಗೆ ಮರಳಿದೆ. ಆ ನೌಕೆಗಳ ಬಿಳಿಲೋಹ ತವರದ ಮಿಶ್ರಣ, ಅಯಸ್ಕಾಂತಕ್ಕೆ ಅದು ಪ್ಲಾಸ್ಟಿಕ್ಕಿನಷ್ಟೇ ಅಪರಿಚಿತ, ಹಾಗಾಗಿ ತೂತು ಕೊರೆದು ಕೂರಿಸುವುದು ಅನಿವಾರ್ಯ. ಆ ಆಟದಲ್ಲಿ ದೂರವನ್ನು ಸ್ಟ್ಯಾಂಡಿನ ಕಡ್ಡಿಯಿಂದಲೇ ಅಳೆಯುತ್ತಾರೆ. ಆದ್ದರಿಂದ ಕಡ್ಡಿಯನ್ನು ಬೇಸಿನ ನಡುವಿನಿಂದ ಸರಿಸುವಂತಿಲ್ಲ, ನೌಕೆಯ ಕಡೆಯ ತೂತನ್ನು ಮಾತ್ರ ಸರಿಸಬೇಕು. ಭಾರದ ನೌಕೆಯಿದ್ದಾಗ ಬೇಸಿನ ತಳಕ್ಕೂ ಎರಡು ಕಬ್ಬಿಣದ ವಾಷರ್ ಅಂಟಿಸಿ. ಮೇಲಿನ ಜೋಡಿ ಗಟ್ಟಿಯಾದಷ್ಟೂ ಬೇಸ್ ಸಮೇತ ಮಗುಚುವ ಸಂಭವ ಹೆಚ್ಚು.

ಉತ್ತರ 4 (ಹುಬ್ಬಳ್ಳಿಯಿಂದ)

ನಾನು ಆಟಗಾರ್ತಿಯಲ್ಲ, ಮಕ್ಕಳ ವಿಭಾಗದಲ್ಲಿ ನರ್ಸ್. ನಮ್ಮ ಯಜಮಾನರಿಗೆ ಈ ಹವ್ಯಾಸ ಇರುವುದರಿಂದ ಇದನ್ನು ಓದಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಅಥವಾ ಬಂದು ಹೋಗುತ್ತಿದ್ದರೆ, ದಯವಿಟ್ಟು ಇದನ್ನು ಗಮನಿಸಿ. ಇಂಥ ಒಂದು ಅಯಸ್ಕಾಂತವನ್ನು ನುಂಗಿದರೆ ಅದು ಹಾಗೆಯೇ ಹೊರಹೋಗಬಹುದು. ಎರಡನ್ನು ನುಂಗಿದರೆ, ಅಥವಾ ಒಂದು ಅಯಸ್ಕಾಂತವನ್ನೂ ಒಂದು ಉಕ್ಕಿನ ಗುಂಡನ್ನೂ ನುಂಗಿದರೆ, ಅವು ಕರುಳಿನ ಎರಡು ಸುರುಳಿಗಳಿಂದ ಒಂದನ್ನೊಂದು ಎಳೆದುಕೊಂಡು ನಡುವಿನ ಗೋಡೆಯನ್ನು ಹಿಸುಕುತ್ತವೆ. ಅಲ್ಲಿಗೆ ರಕ್ತ ಹರಿಯುವುದು ನಿಂತು ಕರುಳು ತೂತಾಗುತ್ತದೆ. ಮೊದಮೊದಲು ಮಗು ಆಡಿಕೊಂಡೇ ಇರಬಹುದು, ಬರಿಯ ಹೊಟ್ಟೆನೋವು, ವಾಂತಿ ಎಂದು ತೋರಬಹುದು. ಸಂಶಯ ಬಂದ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ, ಮಲದಲ್ಲಿ ಹೋದೀತೆಂದು ಕಾಯಬೇಡಿ, ಅಯಸ್ಕಾಂತ ನುಂಗಿರಬಹುದೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ.

ನಮ್ಮ ಮನೆಯಲ್ಲಿ ಉಳಿದ ಬಿಲ್ಲೆಗಳೆಲ್ಲ ಅಟ್ಟದ ಮೇಲಿನ ಕಬ್ಬಿಣದ ತಟ್ಟೆಗೆ ಹತ್ತರ ಸಾಲಿನಲ್ಲಿ ಅಂಟಿಕೊಂಡಿರುತ್ತವೆ. ಕೆಲಸ ಮುಗಿಸಿ ಏಳುವ ಮೊದಲು ಎಣಿಸುತ್ತೇವೆ. ಸರಿಯಾಗಿ ಅಂಟದೆ ನೌಕೆಯಿಂದ ಕಳಚುವ ಅಯಸ್ಕಾಂತವೇ ಎಲ್ಲಕ್ಕಿಂತ ಅಪಾಯದ್ದು, ಅದು ಬಿದ್ದದ್ದು ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಮಂಗಳೂರಿನವರು ಅಂಟಿನ ಬಗ್ಗೆ ಬರೆದದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಪ್ರಶ್ನೆ ಕೇಳಿದವರು (ಮೂರು ವಾರಗಳ ನಂತರ)

ಅಕ್ಕಾ, ನಿಮ್ಮ ಮಾತು ಓದಿದ ದಿನವೇ ಐವತ್ತು ಬಿಲ್ಲೆಗಳನ್ನು ಎಣಿಸಿದೆ. ನಲವತ್ತೆಂಟು ಇದ್ದವು. ಒಂದು ಹೊಲಿಗೆ ಯಂತ್ರದ ಕಾಲಿಗೆ ಅಂಟಿಕೊಂಡಿತ್ತು, ಇನ್ನೊಂದು ಸೋಫಾದ ಸ್ಪ್ರಿಂಗಿನಲ್ಲಿ ಸಿಕ್ಕಿತು. ಅಣ್ಣನ ಮಗಳು ವಾರಕ್ಕೊಮ್ಮೆ ಮನೆಗೆ ಬರುತ್ತಾಳೆ. ಈಗ ಎಲ್ಲವೂ ತಟ್ಟೆಯ ಮೇಲಿವೆ, ತಟ್ಟೆ ಬೀರುವಿನೊಳಗಿದೆ.

ಉದ್ದ ಮೂತಿಯ ನೌಕೆಗೆ ಗೆರೆಗಳು ಕೂಡಿದ ಜಾಗದಲ್ಲಿ 5 ಮಿ.ಮೀ. ತೂತು ಕೊರೆದು, ಎಪಾಕ್ಸಿಯಲ್ಲಿ ಬಿಲ್ಲೆ ಕೂರಿಸಿ, ಪೆಗ್ಗಿನ ತುದಿಗೆ ಮೊಳೆಯ ತಲೆ ಅಂಟಿಸಿದ್ದೇನೆ. ಹಳೆಯ ತೂತನ್ನು ಪುಟ್ಟಿಯಿಂದ ಮುಚ್ಚಿದೆ. ಮೊನ್ನೆ ಭಾನುವಾರ ಮೂರು ಗಂಟೆ ಆಡಿದೆವು, ಗೆಳೆಯನೊಬ್ಬ ಬೇಕೆಂದೇ ಮೇಜನ್ನು ಗುದ್ದಿ ನೋಡಿದ, ನೌಕೆ ಅಲುಗಿತು, ಬೀಳಲಿಲ್ಲ. ಗುಂಡನ್ನು ಎರಡು ಚಿಕ್ಕ ನೌಕೆಗಳಿಗೆ ಮಾತ್ರ ಹಾಕಿದ್ದೇನೆ. ಅವು ಇಪ್ಪತ್ತು ಡಿಗ್ರಿಯವರೆಗೆ ವಾಲಿ ನಿಲ್ಲುತ್ತವೆ, ಅದಕ್ಕಿಂತ ಹೆಚ್ಚು ವಾಲಿಸಿದರೆ ನಿಧಾನವಾಗಿ ತಲೆ ತಗ್ಗಿಸುತ್ತವೆ. ಬಳೆಯಾಕಾರದ ಅಯಸ್ಕಾಂತ ಸಣ್ಣ ಗಾತ್ರದಲ್ಲಿ ಇನ್ನೂ ಸಿಕ್ಕಿಲ್ಲ. ಬೆಂಗಳೂರಿನಲ್ಲಿ 6 ಮಿ.ಮೀ. ಹೊರ ಅಗಲದ್ದು ಎಲ್ಲಾದರೂ ಬಿಡಿಯಾಗಿ ಸಿಗುವುದಾದರೆ ತಿಳಿಸಿ.